ವೇಗದ ಹಳೆ ಕಾರು: ಕಿಲೋಮೀಟರ್ ನೋಡಬೇಕೋ, ಕಾವು ನೋಡಬೇಕೋ?

ಹಳೆ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್ ಆಗಿದೆ?’ ಎಂದು. ಮನೆಬಳಕೆಯ ಸಣ್ಣ ಕಾರಿಗೆ ಈ ಪ್ರಶ್ನೆ ಬಹುಮಟ್ಟಿಗೆ ಸಾಕು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಬಿಎಂಡಬ್ಲ್ಯು ಎಂ340ಐ, ಮರ್ಸಿಡಿಸ್‌ನ ಎಎಂಜಿಯಂಥ ಗಾಡಿಗಳಿಗೆ ಬಂದಾಗ ಅದು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಠಾಣೆ, ಡೊಂಬಿವಿಲಿ, ಕಲ್ಯಾಣ, ಭಿವಂಡಿ, ನವಿ ಮುಂಬಯಿಯ ಪಟ್ಟಿಯಲ್ಲಿ ಈ ಪ್ರಶ್ನೆಗೆ ಈಗ ಹೊಸ ತೂಕ ಬಂದಿದೆ. ನಾಗಪುರದಿಂದ ಹೊರಟ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ ಬಂದು ಮುಟ್ಟುವುದು ಭಿವಂಡಿ ತಾಲ್ಲೂಕಿನ ಆಮಣೆಗೆ. ಅದರ ಕೊನೆಯ ಹಂತ 2025ರ ಜೂನ್ 5ರಂದು ತೆರೆಯಿತು. ಗಂಟೆಗೆ 120 ಕಿ.ಮೀ. ಮಿತಿಯ ಹೆದ್ದಾರಿ ಮನೆಬಾಗಿಲಿಗೆ ಬಂದಿರುವಾಗ, ಹೊಸತಾಗಿ ಕೊಳ್ಳಲಾಗದ ಬಲವಾದ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಾದರೂ ಕೊಳ್ಳೋಣ ಎಂಬ ಆಸೆ ಸಹಜ. ಆದರೆ ಆ ಹೆದ್ದಾರಿಯ ಬಾಯಿಗೆ ತಲುಪುವ ಮೊದಲು ಆ ಕಾರು ಅಂಜೂರ್ ಫಾಟಾ, ಮಾನ್‌ಕೋಲಿ, ಕಲ್ಯಾಣ-ಶೀಳ್ ರಸ್ತೆ, ಘೋಡ್‌ಬಂದರ್ ರಸ್ತೆಗಳಲ್ಲಿ ಕಂಟೇನರ್ ಲಾರಿಗಳ ನಡುವೆ ತೆವಳಿರುತ್ತದೆ. ವೇಗಕ್ಕಾಗಿ ಮಾಡಿದ ಯಂತ್ರ ತನ್ನ ಆಯುಸ್ಸಿನ ಬಹುಪಾಲನ್ನು ನಿಂತಲ್ಲೇ ಕಾದು ಕಳೆದಿದ್ದರೆ ಅದರ ಬೆಲೆಯನ್ನು ಅಳೆಯುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಚರ್ಚೆ. ಈ ಲೇಖನದ ವಾದ ಇಷ್ಟು: ಈ ಪ್ರದೇಶದಲ್ಲಿ ಮೊದಲು ಕಾರಿನ ಗುರುತು ಸರಿಯಿದೆಯೇ ನೋಡಬೇಕು, ಆಮೇಲೆ ನೀರು ಹೊಕ್ಕಿದೆಯೇ, ಆಮೇಲೆ ಎಷ್ಟು ಕಾವು ತಿಂದಿದೆ, ಕಿಲೋಮೀಟರಿನ ಸರದಿ ಕಟ್ಟಕಡೆಗೆ.

ಪದ್ಮಿನಿಯಿಂದ ಟರ್ಬೊವರೆಗೆ

ಕಿಲೋಮೀಟರನ್ನೇ ನೆಚ್ಚುವ ಅಭ್ಯಾಸ ಹುಟ್ಟಿದ್ದು ಲೈಸೆನ್ಸ್ ಕಾಲದಲ್ಲಿ. ಆಗ ಸಿಗುತ್ತಿದ್ದುದು ಅಂಬಾಸಿಡರ್, ಇಲ್ಲವೇ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯ ಫಿಯೆಟ್, ಅದೇ ಮುಂದೆ ಪದ್ಮಿನಿ. ಆ ಎಂಜಿನ್ನುಗಳ ಸವೆತ ಓಡಿದ ದೂರಕ್ಕೆ ತಕ್ಕಂತೆ ಇರುತ್ತಿತ್ತು. ಹೊಗೆಯ ಬಣ್ಣ ನೋಡಿ, ಶಬ್ದ ಕೇಳಿ ಗ್ಯಾರೇಜಿನವರು ಹೇಳಿದ್ದು ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. 1990ರ ದಶಕದಲ್ಲಿ ಬಾಗಿಲು ತೆರೆಯಿತು. ಇದೇ ಪ್ರೀಮಿಯರ್ ಸಂಸ್ಥೆ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ ಕಲ್ಯಾಣದ ಕಾರ್ಖಾನೆಯಲ್ಲಿ ಪ್ಯೂಜೊ 309 ಕಾರನ್ನು ತಯಾರಿಸಿತು. ಕೆಲವೇ ವರ್ಷಗಳಲ್ಲಿ ಆ ಪಾಲುದಾರಿಕೆ ಮುರಿದುಬಿತ್ತು. ಕೊಂಡವರ ಕೈಯಲ್ಲಿ ಉಳಿದದ್ದು ಒಳ್ಳೆಯ ಕಾರೇ, ಆದರೆ ತಯಾರಕರಿಲ್ಲದ, ಬಿಡಿಭಾಗ ಸಿಗದ ಕಾರು. ಕಂಪನಿಯೇ ಹೊರಟುಹೋದರೆ ಗತಿಯೇನು ಎಂಬ ಪ್ರಶ್ನೆ ಹೀಗೆ ಈ ಊರಿಗೆ ಮೂವತ್ತು ವರ್ಷಗಳಿಂದ ಪರಿಚಿತ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದಾಗ, ಫಿಯೆಟ್ ಹಿಂದೆ ಸರಿದಾಗ, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು. 2015ರಲ್ಲಿ ಬಂದ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ಇವತ್ತಿಗೂ ಓಡಿಸಲು ಸೊಗಸಾದ ಗಾಡಿ. ಅದನ್ನು ಕೊಳ್ಳುವವರು ಕಾರಿನ ಸ್ಥಿತಿಯಷ್ಟೇ ಕಾಳಜಿಯಿಂದ ಬಿಡಿಭಾಗದ ದಾರಿಯನ್ನೂ ವಿಚಾರಿಸಿಕೊಳ್ಳಬೇಕು.

ವೇಗದ ಕಾರೆಂದರೆ ಟರ್ಬೊ ಪೆಟ್ರೋಲ್ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು 2004ರ ಆಕ್ಟೇವಿಯಾ ಆರ್‌ಎಸ್‌ನಿಂದ. ಅದಕ್ಕೂ ಮೊದಲು ಹೋಂಡಾ ಸಿಟಿ ವಿಟೆಕ್, ಪಾಲಿಯೊ 1.6ರಂಥವು ಟರ್ಬೊ ಇಲ್ಲದೆಯೇ ಹುಡುಗರ ಮನಸ್ಸು ಗೆದ್ದಿದ್ದವು. 2013ರ ಪೋಲೊ ಜಿಟಿ ಟಿಎಸ್‌ಐ ಸಣ್ಣ ಟರ್ಬೊ ಎಂಜಿನ್ನನ್ನೂ ಡಬಲ್ ಕ್ಲಚ್ ಗಿಯರ್‌ಬಾಕ್ಸನ್ನೂ ಮಧ್ಯಮ ವರ್ಗದ ಅಂಗಳಕ್ಕೆ ತಂದಿತು. ಮುಂದೆ ಬಂದ ಬಲವಾದ ಮಾದರಿಗಳಲ್ಲಿ ಕೆಲವು ಬೆರಳೆಣಿಕೆಯವು: 2016ರ ಪೋಲೊ ಜಿಟಿಐ 99 ಕಾರುಗಳು, 2020ರ ಆಕ್ಟೇವಿಯಾ ಆರ್‌ಎಸ್ 245 ಇನ್ನೂರು, 2025ರ ಆರ್‌ಎಸ್ ನೂರು. ಇಷ್ಟು ಕಡಿಮೆ ಸಂಖ್ಯೆಯ ಗಾಡಿಗೆ ಬಂಪರೋ ಹೆಡ್‌ಲೈಟೋ ಒಡೆದರೆ ಕುರ್ಲಾದ ಸಿಎಸ್‌ಟಿ ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿದರೂ ಕೈಗೆ ಸಿಗುವ ಭರವಸೆಯಿಲ್ಲ.

ಮೀಟರ್ ನಂಬುವವರು

ಮೊದಲನೆಯ ಪಂಥ ಹಳೆಯದು: ಕಡಿಮೆ ಓಡಿದ, ಒಬ್ಬರೇ ಮಾಲೀಕರ, ಸಾಧ್ಯವಾದರೆ ‘ಡಾಕ್ಟರ್ ಓಡಿಸಿದ’ ಗಾಡಿ. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಬುಶ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಸೀಟಿನ ಬದಿಯ ಚರ್ಮ ಇವೆಲ್ಲ ದೂರಕ್ಕೆ ತಕ್ಕಂತೆ ಸವೆಯುತ್ತವೆ. ಆದರೆ ಒಂದು ಸರಳ ಲೆಕ್ಕ ನೋಡಿ. ಗಂಟೆಗೆ ಸರಾಸರಿ 15 ಕಿ.ಮೀ. ವೇಗದಲ್ಲಿ ನಗರದೊಳಗೆ 40,000 ಕಿ.ಮೀ. ಓಡಿದ ಕಾರಿನ ಎಂಜಿನ್ ಸುಮಾರು 2,670 ಗಂಟೆ ದುಡಿದಿರುತ್ತದೆ. ಗಂಟೆಗೆ 60ರ ಸರಾಸರಿಯಲ್ಲಿ ಹೆದ್ದಾರಿಯಲ್ಲಿ 80,000 ಓಡಿದ್ದು ದುಡಿದಿರುವುದು ಸುಮಾರು 1,330 ಗಂಟೆ. ಮೀಟರಿನಲ್ಲಿ ಅರ್ಧ ಓಡಿದ ಗಾಡಿ ಗಂಟೆಯ ಲೆಕ್ಕದಲ್ಲಿ ಇಮ್ಮಡಿ ದುಡಿದಿದೆ. ನಿಂತಲ್ಲಿ ಸುಮ್ಮನೆ ತಿರುಗುವ ಎಂಜಿನ್ನಿಗೆ ಅಂಥ ಹೊರೆಯೇನೂ ಇಲ್ಲವಲ್ಲ ಎಂದು ಕೇಳಬಹುದು. ಪಿಸ್ಟನ್, ಬೇರಿಂಗುಗಳ ಮಟ್ಟಿಗೆ ಆ ಆಕ್ಷೇಪ ಸರಿ. ಆಯಿಲ್, ಕೂಲೆಂಟ್ ಪೈಪು, ರೇಡಿಯೇಟರ್ ಫ್ಯಾನು, ಗಿಯರ್‌ಬಾಕ್ಸಿನ ಕ್ಲಚ್ಚುಗಳ ಮಟ್ಟಿಗೆ ಸರಿಯಲ್ಲ. ಗಾಳಿ ಬೀಸದ ಬಾನೆಟ್ಟಿನ ಕೆಳಗೆ ಅವು ಗಂಟೆಗಟ್ಟಲೆ ಬೇಯುತ್ತವೆ.

ಮೀಟರನ್ನು ಹಿಂದಕ್ಕೆ ತಿರುಗಿಸುವವರ ಕಾಟ ಬೇರೆ. ಅಮೆರಿಕದಲ್ಲಿ 1972ರಿಂದಲೇ ಅದಕ್ಕೆಂದು ಕೇಂದ್ರ ಕಾನೂನಿದೆ. ನಮ್ಮಲ್ಲಿ ಸಾಮಾನ್ಯ ವಂಚನೆಯ ಕಲಮು, ಗ್ರಾಹಕರ ಆಯೋಗಗಳ ಮೊರೆಹೋಗಬೇಕು. ಒಂದು ಸಮಾಧಾನವೆಂದರೆ ಈಗಿನ ಎಷ್ಟೋ ಕಾರುಗಳಲ್ಲಿ ಓಡಿದ ದೂರ ಮೀಟರಿನಲ್ಲಷ್ಟೇ ದಾಖಲಾಗುವುದಿಲ್ಲ. ಹಲವು ಬಿಎಂಡಬ್ಲ್ಯುಗಳ ಕೀಲಿಯಲ್ಲೇ ಅದು ಉಳಿಯುತ್ತದೆ, ಬೇರೆ ಕಾರುಗಳ ಕೆಲವು ಕಂಟ್ರೋಲ್ ಯೂನಿಟ್ಟುಗಳಲ್ಲೂ ಇರುತ್ತದೆ. ಟೈರೂ ಸಾಕ್ಷಿ ಹೇಳುತ್ತದೆ. ಬದಿಯಲ್ಲಿ 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. 2020ರ ಕಾರು ಹದಿನೆಂಟೇ ಸಾವಿರ ಓಡಿದೆ ಎನ್ನುವವರ ಗಾಡಿಯಲ್ಲಿ ನಾಲ್ಕೂ ಟೈರು ಎರಡನೆಯ ಜೊತೆಯಾಗಿದ್ದರೆ ಕಾರಣ ಕೇಳಬೇಕು. ನಾಲ್ಕು ಬೇರೆ ಬೇರೆ ಅಗ್ಗದ ಕಂಪನಿಗಳ ಟೈರಿದ್ದರೆ ಕೇಳುವ ಅಗತ್ಯವೂ ಇಲ್ಲ. ಟೈರಿನಲ್ಲಿ ಉಳಿಸಿದವರು ಆಯಿಲಿನಲ್ಲೂ ಉಳಿಸಿರುತ್ತಾರೆ.

ಕಾಗದ ನಂಬುವವರು

ಎರಡನೆಯ ಪಂಥದ ಪ್ರಕಾರ ಸರ್ವೀಸ್ ದಾಖಲೆ, ಆರ್‌ಸಿ, ಇನ್ಶೂರೆನ್ಸ್ ಸರಿಯಿದ್ದರೆ ಕಾರೂ ಸರಿ. ಗುರುತಿನ ವಿಷಯದಲ್ಲಿ ಇವರ ಮಾತೇ ಮೊದಲು ಸಲ್ಲಬೇಕು. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ಅದನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುವುದು ನಮ್ಮ ವಿಮಾ ವ್ಯವಸ್ಥೆಯ ಪದ್ಧತಿ. ಹಾಗೆ ಬಿಟ್ಟುಕೊಟ್ಟ ಗಾಡಿ ಹರಾಜಾಗುತ್ತದೆ. ಅದರ ಚಾಸಿ ನಂಬರು, ಕಾಗದಗಳನ್ನು ಕದ್ದ ಕಾರಿಗೆ ಅಂಟಿಸುವ ಜಾಲಗಳನ್ನು ಪೊಲೀಸರು ಹಲವು ರಾಜ್ಯಗಳಲ್ಲಿ ಹಿಡಿದಿದ್ದಾರೆ. ನಾಶವಾದ ವಾಹನದ ನೋಂದಣಿ ರದ್ದಾಗಬೇಕೆಂದು ಮೋಟಾರು ವಾಹನ ಕಾಯಿದೆಯ 55ನೇ ಕಲಮು ಹೇಳುತ್ತದೆ. ಆದರೆ ರಿಪೇರಿಯಾಗಿ ಮತ್ತೆ ರಸ್ತೆಗಿಳಿದ ಟೋಟಲ್ ಲಾಸ್ ಗಾಡಿಯ ಆರ್‌ಸಿ ಮೇಲೆ ಆ ಗುರುತು ಇರುವುದಿಲ್ಲ. ಆದ್ದರಿಂದ ಚಾಸಿ ನಂಬರನ್ನು ಕಾಗದದಲ್ಲಿ ಓದಿ ಬಿಡದೆ ಲೋಹದ ಮೇಲೆ ಓದಬೇಕು, ಅದರ ಸುತ್ತ ಹೊಸ ಪೇಂಟು, ಉಜ್ಜಿದ ಗುರುತು, ವೆಲ್ಡಿಂಗ್ ಇದೆಯೇ ನೋಡಬೇಕು. ಹಳೆಯ ವಿಮಾ ಪಾಲಿಸಿಗಳಲ್ಲಿ ನೋ ಕ್ಲೇಮ್ ಬೋನಸ್ ಏರುತ್ತ ಬಂದು ಒಂದು ವರ್ಷ ಥಟ್ಟನೆ ಸೊನ್ನೆಗಿಳಿದಿದ್ದರೆ ಅದರ ಹಿಂದಿನ ಪಾಲಿಸಿ ವರ್ಷದಲ್ಲಿ ಏನಾಯಿತೆಂದು ಕೇಳಬೇಕು. ಆ ವರ್ಷ 2019 ಆಗಿದ್ದು, ಕಾರು ಉಲ್ಹಾಸ್ ನದಿ ಆಗ ಉಕ್ಕಿದ ಬದಲಾಪುರ ಕಡೆಯದಾಗಿದ್ದರೆ ಉತ್ತರವನ್ನು ಊಹಿಸುವುದು ಕಷ್ಟವಲ್ಲ.

ವರ್ಗಾವಣೆಯ ಕಾಗದವಂತೂ ಕೊಳ್ಳುವವರಿಗೂ ಮಾರುವವರಿಗೂ ಸಮನಾದ ಕಾಳಜಿ. ಫಾರಂ 29, 30ಕ್ಕೆ ಸಹಿ ಹಾಕಿ ಏಜೆಂಟರ ಕೈಗೆ ಕೊಟ್ಟು ಮರೆತುಬಿಡುವ ರೂಢಿ ಇಲ್ಲಿ ಬಹಳ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು, ಗಾಡಿ ಎಷ್ಟು ಕೈ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಸರ್ಕಾರದ ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ಹೊಣೆ ಡೀಲರಿಗೆ ಹೋಗುತ್ತದೆ. ಇದು ಒಳ್ಳೆಯ ಸುಧಾರಣೆ. ಆದರೆ ಅಧಿಕಾರ ಪತ್ರ ಪಡೆದ ಡೀಲರಾದರೆ ಮಾತ್ರ.

ಈ ಪಂಥದ ಮಿತಿ ಇರುವುದು ಸರ್ವೀಸ್ ಪುಸ್ತಕದಲ್ಲಿ. ವರ್ಷಕ್ಕೊಮ್ಮೆ ತಪ್ಪದೆ ಸರ್ವೀಸ್ ಆದ ಕಾರಿನ ಎಂಜಿನ್ನೂ ನಡುವೆ ರಿಮ್ಯಾಪ್ ಆಗಿರಬಹುದು. ಸಾಫ್ಟ್‌ವೇರ್ ಬದಲಿಸಿ ಬಲ ಹೆಚ್ಚಿಸುವುದು, ಮಾರುವ ಮುನ್ನ ಮತ್ತೆ ಕಂಪನಿಯ ಸಾಫ್ಟ್‌ವೇರಿಗೆ ಮರಳಿಸುವುದು ಅರ್ಧ ದಿನದ ಕೆಲಸ. ಕಾಗದದಲ್ಲಿ ಅದರ ಸುಳಿವೇ ಇರದು. ಹೆಚ್ಚಿನ ಒತ್ತಡ ತಿಂದ ಟರ್ಬೊ, ಕ್ಲಚ್ಚುಗಳು ಮಾತ್ರ ಹಳೆ ಸ್ಥಿತಿಗೆ ಮರಳುವುದಿಲ್ಲ. ಕಾಯಿದೆಯ 52ನೇ ಕಲಮಿನಡಿ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತ, ಗುಡುಗುವ ಸೈಲೆನ್ಸರಿನ ಕಾರು ಕೊಂಡವರು ಅದರ ಜೊತೆಗೆ ವಿಮೆಯ ತಗಾದೆಯನ್ನೂ ಕೊಂಡಿರುತ್ತಾರೆ.

ಸ್ಕ್ಯಾನರ್ ನಂಬುವವರು

ಮೂರನೆಯ ಪಂಥ ಹೊಸತು, ಹುರುಪಿನದು. ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಕಾರು ತಾನೇ ಎಲ್ಲ ಹೇಳುತ್ತದೆ ಎಂಬುದು ಇವರ ವಿಶ್ವಾಸ. ದೋಷದ ಕೋಡುಗಳನ್ನು ಅಳಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಆದರೆ ಅಳಿಸಿದ್ದೂ ಗೊತ್ತಾಗುತ್ತದೆ: ಕೋಡ್ ಅಳಿಸಿದ ಮೇಲೆ ಓಡಿದ ದೂರ ಪರದೆಯಲ್ಲಿ ಬರುತ್ತದೆ, ಹೊಗೆ ನಿಯಂತ್ರಣದ ಸ್ವಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ತೋರಿಸುತ್ತದೆ. ಕಾರು ತೋರಿಸುವ ಮುಂಚೆ ಹನ್ನೆರಡು ಕಿಲೋಮೀಟರಿನ ಹಿಂದಷ್ಟೇ ಕೋಡ್ ಅಳಿಸಿದ್ದಾರೆಂದರೆ ಅದೇ ಒಂದು ಉತ್ತರ. ಪೋರ್ಶೆ ಕಾರುಗಳ ಕಂಪ್ಯೂಟರು ಎಂಜಿನ್ ಮಿತಿ ಮೀರಿ ತಿರುಗಿದ ಸಂದರ್ಭಗಳನ್ನು ಹಂತಹಂತವಾಗಿ ದಾಖಲಿಸಿಡುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಡೀಲರ್ ವ್ಯವಸ್ಥೆಯಲ್ಲಿ ರಿಮ್ಯಾಪ್ ಪತ್ತೆಯಾದ ಎಂಜಿನ್ ಕಂಪ್ಯೂಟರಿಗೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ. ಡಬಲ್ ಕ್ಲಚ್ ಗಿಯರ್‌ಬಾಕ್ಸುಗಳಲ್ಲಿ ಕ್ಲಚ್ ಎಷ್ಟು ಸವೆದಿದೆ ಎಂಬ ಅಂದಾಜು ಕೊಡುವ ಅಂಕಿಗಳೂ ಸಿಗುತ್ತವೆ. ಇಷ್ಟೆಲ್ಲ ಓದಬೇಕಾದರೆ ಆ ಕಂಪನಿಗೆ ತಕ್ಕ ಉಪಕರಣ, ಅದನ್ನು ಅರ್ಥ ಮಾಡಿಕೊಳ್ಳುವ ಮೆಕ್ಯಾನಿಕ್ ಬೇಕು. ಸಾವಿರ ರೂಪಾಯಿಯ ಬ್ಲೂಟೂತ್ ಡಬ್ಬಿಯಿಂದ ಆಗದು. ಸೆನ್ಸರ್ ಇಲ್ಲದ ಕಡೆ ಸ್ಕ್ಯಾನರ್ ಕುರುಡು ಎಂಬುದನ್ನೂ ಮರೆಯಬಾರದು. ಬಾಗಿದ ಚಾಸಿ, ಕಾರ್ಪೆಟ್ಟಿನಡಿಯ ಕೆಸರು, ಒಣಗಿದ ಬುಶ್ ಅದಕ್ಕೆ ಕಾಣುವುದಿಲ್ಲ.

ವಾರಂಟಿ ನಂಬುವವರು

ನಾಲ್ಕನೆಯವರು ಪರೀಕ್ಷೆಯ ತಲೆನೋವನ್ನೇ ಬೇರೆಯವರಿಗೆ ಒಪ್ಪಿಸುತ್ತಾರೆ. ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯಲ್ಲಿ ಒಳ್ಳೆಯ ಕಾರುಗಳೇ ಕಡಿಮೆಯಾಗುತ್ತ ಹೋಗುತ್ತವೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ 2001ರಲ್ಲಿ ಮಾರುತಿಯ ಟ್ರೂ ವ್ಯಾಲ್ಯೂ ಶುರುವಾಯಿತು, 2015ರಲ್ಲಿ ಕಾರ್ಸ್24, ಸ್ಪಿನ್ನಿ ಬಂದವು. ಸಾಧಾರಣ ಕಾರಿಗೆ ಈ ದಾರಿ ಒಳ್ಳೆಯದೇ. ವೇಗದ ಕಾರಿನಲ್ಲಿ ದುಬಾರಿಯಾಗುವ ಕ್ಲಚ್, ಬ್ರೇಕ್, ಟೈರುಗಳು ಸಾಮಾನ್ಯವಾಗಿ ಸವೆಯುವ ಭಾಗಗಳೆಂದು ವಾರಂಟಿಯ ಹೊರಗೇ ಉಳಿಯುತ್ತವೆ. ಅರವತ್ತು ಲಕ್ಷಕ್ಕೆ ಬಂದ ಕಾರನ್ನು ಹತ್ತು ವರ್ಷದ ಮೇಲೆ ಹದಿನೈದು ಲಕ್ಷಕ್ಕೆ ಕೊಳ್ಳಬಹುದು, ಆದರೆ ಅದರ ಬಿಡಿಭಾಗದ ಬೆಲೆ ಇವತ್ತಿಗೂ ಅರವತ್ತು ಲಕ್ಷದ ಕಾರಿನದೇ. ಈ ಲೆಕ್ಕ ತಪ್ಪಿದವರೇ ಎರಡನೆಯ ವರ್ಷದಲ್ಲಿ ಗಾಡಿ ಮಾರಲು ಹೊರಡುವವರು.

ನೀರು

ಈ ನಾಲ್ಕು ಪಂಥಗಳೂ ಸೇರಿ ಬಿಟ್ಟುಬಿಡುವ ಎರಡು ಸಂಗತಿಗಳೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೊದಲನೆಯದು ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮುಂಬಯಿಯ ಜೊತೆ ಕಲ್ಯಾಣ, ಭಿವಂಡಿಗಳೂ ಮುಳುಗಿದವು. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು. ಭಿವಂಡಿಯ ತೀನ್ ಬತ್ತಿ ಕಡೆಗೆ ಕಾಮವಾರಿ ನದಿಯ ನೀರು ನುಗ್ಗುವುದು ಮಳೆಗಾಲದ ಮಾಮೂಲು ಸುದ್ದಿ. ವೇಗದ ಕಾರು ನೆಲಕ್ಕೆ ಹತ್ತಿರ. ಅದರ ವೈರಿಂಗ್ ಜಾಲ ಕಾರ್ಪೆಟ್ಟಿನ ಕೆಳಗೆ, ಹಲವು ಮಾದರಿಗಳಲ್ಲಿ ಕಂಟ್ರೋಲ್ ಯೂನಿಟ್ಟುಗಳು ಸೀಟಿನಡಿ ಇರುತ್ತವೆ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು ನಿಂತರೆ ಎಂಜಿನ್ ಉಳಿದರೂ ಅವು ಉಳಿಯುವುದು ಕಷ್ಟ.

ತೊಳೆದು ಪಾಲಿಶ್ ಮಾಡಿದ ಕಾರಿನಲ್ಲಿ ಇದನ್ನು ಪತ್ತೆಹಚ್ಚಲು ತಾಳ್ಮೆ ಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ಯಾವಾಗಲೂ ಸುತ್ತಿಕೊಂಡೇ ಇರುವ ಕೊನೆಯ ಗೇಣುದ್ದದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ಹಳಿಯ ಬೋಲ್ಟುಗಳಲ್ಲಿ ತುಕ್ಕಿದೆಯೇ ನೋಡಬೇಕು. ಸ್ಟೆಪ್ನಿ ಗುಂಡಿಯ ತಳ, ಕನೆಕ್ಟರುಗಳ ಪಿನ್ನಿನ ಮೇಲಿನ ಹಸಿರು ಕಿಲುಬು, ಹೆಡ್‌ಲೈಟಿನೊಳಗಿನ ಮಬ್ಬು ಇವು ಸುಳ್ಳು ಹೇಳುವುದಿಲ್ಲ. ಸುಗಂಧದ ಡಬ್ಬಿಗಳು ಮಿತಿಮೀರಿ ಇದ್ದರೆ ಗಾಜು ಮುಚ್ಚಿ, ಎಸಿ ಆರಿಸಿ ಹತ್ತು ನಿಮಿಷ ಒಳಗೆ ಕೂತು ವಾಸನೆ ನೋಡಬೇಕು.

ಕಾವು

ಎರಡನೆಯದು ಕಾವು. ಪೆಟ್ರೋಲ್ ಟರ್ಬೊವಿನ ಬಿಸಿ ಬದಿ ಜೋರಿನ ಓಟದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಘಾಟು ಹತ್ತಿದ ಕೂಡಲೇ ಕೀಲಿ ತಿರುಗಿಸಿ ಆರಿಸುವವರ ಕಾರಿನಲ್ಲಿ ಟರ್ಬೊ ಬೇರಿಂಗಿನ ಆಯಿಲ್ ಕರಕಲಾಗುತ್ತದೆ. ಇನ್ನೊಂದು ತುದಿಯಲ್ಲಿ, ದಿನವೂ ಎರಡೇ ಕಿಲೋಮೀಟರ್ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಆಗ ಪೆಟ್ರೋಲು ಆಯಿಲಿಗೆ ಬೆರೆಯುತ್ತದೆ, ಇನ್‌ಟೇಕ್ ವಾಲ್ವುಗಳಿಗೆ ಮಸಿ ಕಟ್ಟುತ್ತದೆ. ಪೋಲೊ ಜಿಟಿಯಂಥ ಕಾರುಗಳ ಏಳು ಗಿಯರಿನ ಡಿಎಸ್‌ಜಿಯಲ್ಲಿರುವುದು ಒಣ ಕ್ಲಚ್. ಅದನ್ನು ತಂಪಾಗಿಡಲು ಆಯಿಲ್ ಇಲ್ಲ. ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವಾಗ ಕ್ಲಚ್ ಅರ್ಧ ಕಚ್ಚಿ ಜಾರುತ್ತಲೇ ಇರುತ್ತದೆ. ಆಕ್ಟೇವಿಯಾ ಆರ್‌ಎಸ್ 230ರ ಆರು ಗಿಯರಿನ ಡಿಎಸ್‌ಜಿಯದು ಆಯಿಲಿನಲ್ಲಿ ಮುಳುಗಿದ ಕ್ಲಚ್. ಕಾವು ತಡೆಯುತ್ತದೆ, ಆದರೆ 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದ ಬಿಲ್ಲು ಇರಲೇಬೇಕು.

ಇದನ್ನು ಪರೀಕ್ಷಿಸುವ ಕ್ರಮವೂ ಅದಕ್ಕೆ ತಕ್ಕಂತೆ. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟ ಎಂಜಿನ್ ಏನನ್ನೂ ಹೇಳುವುದಿಲ್ಲ; ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ, ಬಾನೆಟ್ ಮುಟ್ಟಿ ನೋಡಿ ಚಾಲೂ ಮಾಡಿಸಬೇಕು. ಮೊದಲ ಕ್ಷಣಗಳಲ್ಲಿ ಸರಪಳಿ ಅಲ್ಲಾಡಿದಂಥ ಸದ್ದು ಬಂದರೆ ಫೋಕ್ಸ್‌ವ್ಯಾಗನ್ ಬಳಗದ ಹಳೆಯ ಟಿಎಸ್‌ಐಗಳ ಟೈಮಿಂಗ್ ಚೈನ್ ಟೆನ್ಷನರ್, ಬಿಎಂಡಬ್ಲ್ಯು 328ಐನ ಎನ್20 ಎಂಜಿನ್ನಿನ ಪ್ಲಾಸ್ಟಿಕ್ ಚೈನ್ ಗೈಡ್ ನೆನಪಿಗೆ ಬರಬೇಕು. ಆಮೇಲೆ ಖಾಲಿ ಪಾಮ್ ಬೀಚ್ ರಸ್ತೆಯಲ್ಲಿ ಓಡಿಸಿ ಮರುಳಾಗದೆ, ಎಸಿ ಹಾಕಿಕೊಂಡು ಅರ್ಧ ಗಂಟೆ ಟ್ರಾಫಿಕ್‌ನಲ್ಲೇ ಓಡಿಸಬೇಕು. ಹಾಗೆ ಕಾದ ಗಾಡಿಯನ್ನು ಬೇಸ್‌ಮೆಂಟಿನ ಇಳಿಜಾರಿನಲ್ಲಿ ರಿವರ್ಸ್ ಹಾಕಿ ನಿಧಾನವಾಗಿ ಮೇಲೇರಿಸಿದಾಗ ಅದು ನಡುಗಿದರೆ ಕ್ಲಚ್ ಬದಲಿಸುವ ಹೊತ್ತು ಬಂದಿದೆ. ಕೊನೆಗೆ ಬಾನೆಟ್ ಎತ್ತಿ ವಾಟರ್ ಪಂಪಿನ ಸುತ್ತ ಒಣಗಿದ ಗುಲಾಬಿ ಕಲೆ ಇದೆಯೇ ನೋಡಬೇಕು. ಕೂಲೆಂಟ್ ಸೋರಿದ ಗುರುತು ಅದು.

ಊರಿಗೆ ಒಯ್ಯುವವರ ಲೆಕ್ಕ

ಇಲ್ಲಿನ ಕನ್ನಡಿಗರಿಗೆ ಇನ್ನೊಂದು ವಿಷಯವಿದೆ. ಎಂಎಚ್-04, 05, 43 ಪಾಸಿಂಗಿನ ಗಾಡಿ ಒಂದು ದಿನ ಉಡುಪಿಗೋ ಮಂಗಳೂರಿಗೋ ಹೋಗಿ ನೆಲೆಸುವುದುಂಟು. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಅಲ್ಲಿಯ ನೋಂದಣಿ ಬೇಕೆಂದು 47ನೇ ಕಲಮು ಹೇಳುತ್ತದೆ, ಜೊತೆಗೆ ಅಲ್ಲಿಯ ತೆರಿಗೆಯೂ ಬರುತ್ತದೆ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ತೆರಿಗೆ ಶೇ. 13, ಕರ್ನಾಟಕದಲ್ಲಿ ಅದು ಶೇ. 18, ಮೇಲೆ ಸೆಸ್. 2025ರ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ ಬೆಂಗಳೂರಿನಲ್ಲಿ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಅದೇ ರೀತಿ ದೆಹಲಿಯಿಂದ ಅಗ್ಗಕ್ಕೆ ಬರುವ ಡೀಸೆಲ್ ಕಾರುಗಳ ಹಿಂದೆ ಹತ್ತು ವರ್ಷದ ನಿಷೇಧದ ಕಥೆಯಿದೆ. ಕರಾವಳಿಯ ತುಕ್ಕಿಲ್ಲವೆಂಬುದು ಅವುಗಳ ಗುಣ. ಎನ್‌ಒಸಿ, ಮರುನೋಂದಣಿ, ತೆರಿಗೆ ಸೇರಿಸಿದ ಮೇಲೆ ಆ ಅಗ್ಗದಲ್ಲಿ ಎಷ್ಟು ಉಳಿಯುತ್ತದೆಂದು ಕೊಳ್ಳುವ ಮುಂಚೆಯೇ ಬರೆದು ಕೂಡಿಸಬೇಕು.

ಇನ್ನೂ ಇತ್ಯರ್ಥವಾಗದ್ದು

ಕೆಲವು ಪ್ರಶ್ನೆಗಳಿಗೆ ಯಾವ ಪಂಥದಲ್ಲೂ ಉತ್ತರವಿಲ್ಲ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆ. ಅದಕ್ಕೆಂದು ರೂಪಿಸದ 2023ಕ್ಕಿಂತ ಹಳೆಯ ಟರ್ಬೊ ಎಂಜಿನ್ನುಗಳ ಸೀಲು, ಪಂಪುಗಳಿಗೆ ಹತ್ತು ವರ್ಷದಲ್ಲಿ ಏನಾಗುತ್ತದೆಂಬ ವಾದ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅರ್ಜಿ ವಜಾ ಆಯಿತು. ಕಾನೂನಿನ ಬಾಗಿಲು ಮುಚ್ಚಿದರೂ ಯಂತ್ರದ ಪ್ರಶ್ನೆ ಹಾಗೇ ಇದೆ. ರಿಮ್ಯಾಪ್ ಆದ ಕಾರನ್ನು ಮಾರುವಾಗ ಅದನ್ನು ಹೇಳಲೇಬೇಕೆಂಬ ಕಟ್ಟುಪಾಡು ಬೇಕೇ, ಹೇಳಿದರೆ ವಿಮಾ ಕಂಪನಿ ಅದನ್ನು ಹೇಗೆ ಕಾಣಬೇಕು ಎಂಬುದೂ ತೀರ್ಮಾನವಾಗಿಲ್ಲ. ಟೋಟಲ್ ಲಾಸ್ ಆದ, ಪ್ರವಾಹದಲ್ಲಿ ಮುಳುಗಿದ ವಾಹನಗಳ ವಿವರ ವಿಮಾ ಕಂಪನಿಗಳ ಬಳಿ ಇದೆ. ಅದು ಸರ್ಕಾರದ ವಾಹನ್ ನೋಂದಣಿ ಪೋರ್ಟಲ್‌ನಲ್ಲಿ ಕೊಳ್ಳುವವರ ಕಣ್ಣಿಗೆ ಬೀಳುವಂತಾಗುವುದು ಯಾವಾಗ ಎಂದು ಯಾರೂ ಹೇಳಿಲ್ಲ. ಬ್ಯಾಟರಿ ಓಡಿಸುವ ವೇಗದ ಕಾರುಗಳು ಹಳೆ ಕಾರಿನ ಸಾಲಿಗೆ ಬರತೊಡಗಿವೆ. ಅವುಗಳ ಬ್ಯಾಟರಿಯ ಉಳಿದ ಆಯುಸ್ಸನ್ನು ಯಾರು ಅಳೆದು, ಯಾವ ಪ್ರಮಾಣಪತ್ರ ಕೊಡಬೇಕು, ಆ ಪತ್ರ ತಪ್ಪಾದರೆ ಹೊಣೆ ಯಾರದು ಎಂಬುದಕ್ಕೆ ಮೆಕ್ಯಾನಿಕ್, ಡೀಲರ್, ಆರ್‌ಟಿಒ ಮೂವರ ಬಳಿಯೂ ಸದ್ಯಕ್ಕೆ ಒಂದೇ ಉತ್ತರವಿಲ್ಲ.